ಮಂಗಳ ಗ್ರಹದ ಗಾಳಿಯಲ್ಲಿ ನೀರೆಷ್ಟು?



ನಸುಕಿನಲ್ಲಿ ಹಿಂಗಾರಿ ಜೋಳದ ಹೊಲಕ್ಕೆ ಹೋದರೆ ಎಲೆಗಳ ಮೇಲೆ ಇಬ್ಬನಿ ಕಾಣುತ್ತದೆ. ರಾತ್ರಿ ಮಳೆ ಬಂದಿರುವುದಿಲ್ಲ, ಕಾಲುವೆಯ ನೀರನ್ನೂ ಹಾಯಿಸಿರುವುದಿಲ್ಲ. ಗಾಳಿಯಲ್ಲಿ ಆವಿಯಾಗಿ ಅಡಗಿದ್ದ ನೀರೇ ತಂಪಿಗೆ ಹನಿಗೂಡಿರುತ್ತದೆ. ಭೂಮಿಯ ಗಾಳಿಯಲ್ಲಿರುವ ಆವಿಯನ್ನೆಲ್ಲ ಹಿಂಡಿ ನೆಲದ ಮೇಲೆ ಹರಡಿದರೆ ಸರಾಸರಿ 25 ಮಿಲಿಮೀಟರು, ಅಂದರೆ ಒಂದು ಅಂಗುಲ ನೀರು ನಿಲ್ಲುತ್ತದೆ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು ಒಂದು ಲಕ್ಷ ಲೀಟರು.

ನಮ್ಮ ನೆರೆಯ ಮಂಗಳ ಗ್ರಹದ ಗಾಳಿಯನ್ನೂ ಹೀಗೆಯೇ ಹಿಂಡಿದರೆ ಸಿಗುವುದು ಮಿಲಿಮೀಟರಿನ ನೂರನೆಯ ಒಂದು ಪಾಲು ಮಾತ್ರ. ಎಕರೆಗೆ 40 ಲೀಟರು. ಒಂದು ಜೋಡಿ ಎತ್ತಿನ ದಿನದ ಬಾಯಾರಿಕೆಯೂ ಅದರಿಂದ ಹಿಂಗದು! ಈ ಆವಿಯನ್ನು 1963ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ದೂರದರ್ಶಕದಿಂದ ಗುರುತಿಸಿದರು.

ಅಲ್ಲಿ ಗಾಳಿಯ ಒತ್ತಡ ನಮ್ಮದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ, ಚಳಿಯೋ ವಿಪರೀತ. ಕೊಡ ನೀರು ಸುರಿದರೆ ಕೆಲವಂಶ ಕುದಿದು ಆವಿಯಾಗುತ್ತದೆ, ಉಳಿದದ್ದು ಹೆಪ್ಪುಗಟ್ಟುತ್ತದೆ. ಆದರೂ ಬೇಸಿಗೆಯ ಮಸ್ಕಿ ಹಳ್ಳದಂತೆ ಒಣಗಿದ ಹೊಳೆಯ ಪಾತ್ರಗಳು ಅಲ್ಲಿ ಇವೆ. ಆ ನೀರು ಎಲ್ಲಿ ಹೋಯಿತು? ಒಂದಿಷ್ಟು ಧ್ರುವಗಳಲ್ಲಿಯೂ ನೆಲದೊಳಗೂ ಮಂಜುಗಡ್ಡೆಯಾಗಿದೆ. ಇನ್ನೊಂದಿಷ್ಟು ಆಕಾಶಕ್ಕೇ ಹಾರಿಹೋಯಿತು.

ಹಾರಿಹೋದದ್ದನ್ನು ತಿಳಿಯುವ ಬಗೆಯನ್ನು ಕಣದಲ್ಲಿ ರಾಶಿ ತೂರುವ ತಾವು ಸುಲಭವಾಗಿ ಗ್ರಹಿಸುವಿರಿ. ನೀರಿನಲ್ಲಿ ಜಲಜನಕ, ಆಮ್ಲಜನಕ ಎರಡೂ ಇವೆ. ಜಲಜನಕದಲ್ಲಿ ಹಗುರವಾದದ್ದೊಂದು, ಅದರ ಇಮ್ಮಡಿ ತೂಕದ್ದೊಂದು. ನಮ್ಮ ಸಮುದ್ರದ ನೀರಿನಲ್ಲಿ ಸುಮಾರು 6,400 ಹಗುರ ಕಣಗಳಿಗೆ ಒಂದು ಭಾರದ ಕಣವಿದೆ. ಮೇಲೇರಿದ ಆವಿಯನ್ನು ಸೂರ್ಯನ ಅತಿನೇರಳೆ ಕಿರಣಗಳು ಒಡೆಯುತ್ತವೆ. ಮಂಗಳನ ಸೆಳೆತ ದುರ್ಬಲವಾದುದರಿಂದ ಹಗುರ ಜಲಜನಕ ಹೊಟ್ಟಿನಂತೆ ಹಾರುತ್ತದೆ, ಭಾರದ್ದು ಕಾಳಿನಂತೆ ಬಹುಮಟ್ಟಿಗೆ ಉಳಿಯುತ್ತದೆ. ಈಗ ಅಲ್ಲಿನ ಆವಿಯಲ್ಲಿ ಭಾರದ್ದರ ಪಾಲು ನಮ್ಮಲ್ಲಿಗಿಂತ ಐದಾರು ಪಟ್ಟು. ಉಳಿದ ಕಾಳನ್ನು ನೋಡಿ ಹಾರಿದ ಹೊಟ್ಟನ್ನು ಅಂದಾಜು ಮಾಡುವಂತೆ, ಅಲ್ಲಿ ಹಿಂದೆ ಬಹಳ ನೀರಿತ್ತೆಂದು ವಿಜ್ಞಾನಿಗಳು ಲೆಕ್ಕ ಕಟ್ಟಿದರು.

ಈ ಎರಡು ಜಲಜನಕಗಳನ್ನು ಅಳೆಯಲೆಂದೇ ಬೆಂಗಳೂರಿನಲ್ಲಿ ಎರಡು ಕಿಲೋಗ್ರಾಮಿಗೂ ಕಡಿಮೆ ತೂಕದ ಒಂದು ಉಪಕರಣವನ್ನು ಮಾಡಿ ಮಂಗಳಯಾನದಲ್ಲಿ ಇರಿಸಿದ್ದರು. 2013ರ ನವೆಂಬರ್ 5ರಂದು ಹೊರಟ ಆ ನೌಕೆ 2014ರ ಸೆಪ್ಟೆಂಬರ್ 24ರಂದು ಮಂಗಳನನ್ನು ಸುತ್ತತೊಡಗಿತು. ಅದರ ಸಂದೇಶಗಳನ್ನು ಬಿಡದಿ ಸಮೀಪದ ಬ್ಯಾಲಾಳಿನ ದೊಡ್ಡ ಆಂಟೆನಾಗಳು ಹಿಡಿಯುತ್ತಿದ್ದವು. ಆರು ತಿಂಗಳಿಗೆಂದು ಕಳಿಸಿದ್ದು 2022ರವರೆಗೆ ಬಾಳಿತು. ನಮ್ಮ ಕೆಲವು ಪಂಪುಸೆಟ್ಟುಗಳಿಗೆ ಈ ಆಯುಸ್ಸು ಇಲ್ಲ.

ಧೂಳಿ ಎದ್ದಾಗ ಅಲ್ಲಿ ನೀರಿನ ನಷ್ಟ ಹೆಚ್ಚು. ಧೂಳು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಕೆಳಗೇ ಮಂಜಿನ ಮೋಡವಾಗಬೇಕಿದ್ದ ಆವಿ ಹಾಗಾಗದೆ ಮೇಲಕ್ಕೆ ಏರುತ್ತದೆ. 2018ರಲ್ಲಿ ಇಡೀ ಗ್ರಹವನ್ನೇ ಮುಚ್ಚಿದ ಧೂಳಿಯ ಕಾಲದಲ್ಲಿ ಆವಿಯು 80 ಕಿಲೋಮೀಟರು ಎತ್ತರದಲ್ಲಿಯೂ ಕಂಡಿತು. ಅಷ್ಟು ಮೇಲೆ ಹೋದ ಆವಿಯನ್ನು ಬಿಸಿಲು ಒಡೆಯುತ್ತದೆ, ಅದರ ಜಲಜನಕ ಮತ್ತೆ ಕೆಳಗಿಳಿಯುವುದು ಅಪರೂಪ.