ರೆಗ್ಯುಲೇಟರ್ ಇಲ್ಲದ ಕಡೆ ರೆಗ್ಯುಲೇಟರ್ ನೀವೇ: ಸೆಲ್ಲು–ಸುರುಳಿಯ ಹನ್ನೊಂದು ಸೂತ್ರಗಳು

ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನ ಕೇಂದ್ರ ಕಚೇರಿ ಇರುವುದು ಮೈಸೂರಿನ ವಿಜಯನಗರ 2ನೇ ಹಂತದಲ್ಲಿ. ಆದರೆ ಅದರ ಪಕ್ಕದ ಮನೆಗೂ ಕರೆಂಟು ಸುಮ್ಮನೆ ನುಗ್ಗುವುದಿಲ್ಲ. ಫ್ಯೂಸು, ಮೀಟರು, ಎಂಸಿಬಿ ಎಂದು ಬಾಗಿಲಿಗೊಬ್ಬ ಕಾವಲುಗಾರನನ್ನು ದಾಟಿಯೇ ಒಳಗೆ ಬರಬೇಕು. ಅದೇ ಬಡಾವಣೆಯ ಪಿಜಿ ರೂಮಿನಲ್ಲಿ ಕಾಲೇಜು ಹುಡುಗನೊಬ್ಬ ಒಂದು ಲಿಥಿಯಂ ಸೆಲ್ಲು, ಒಂದು ಸ್ವಿಚ್ಚು, ಒಂದು ಗೇಣು ನೈಕ್ರೋಮ್ ತಂತಿ ಜೋಡಿಸಿ ಥರ್ಮೋಕೋಲ್ ಕೊಯ್ಯುವ ಕಟ್ಟರ್ ಮಾಡಿಕೊಳ್ಳುತ್ತಾನೆ ಎನ್ನಿ. ವಿಮಾನದ ಮಾಡೆಲ್ಲಿಗೆ ರೆಕ್ಕೆ, ಪ್ರಾಜೆಕ್ಟಿಗೆ ಕಟ್ಟಡದ ಮಾದರಿ, ಎಲ್ಲ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಕೊಯ್ದುಕೊಳ್ಳುತ್ತದೆ. ಇಲ್ಲಿ ಕಾವಲು ಯಾರು? ಅವನೇ. ಆ ಕಾವಲು ಕೆಲಸಕ್ಕೆ ಬೇಕಾದ ಸೂತ್ರಗಳು ಇಲ್ಲಿವೆ.

1. ಮೊದಲು ಲೆಕ್ಕ, ಆಮೇಲೆ ಕೈ

ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ: ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್. ಅದನ್ನು ಮತ್ತೆ ವೋಲ್ಟಿನಿಂದ ಗುಣಿಸಿದರೆ ವ್ಯಾಟ್, ಅಂದರೆ ತಂತಿಗೆ ಸಿಗುವ ಕಾವು. ಪರೀಕ್ಷೆಯಲ್ಲಿ ಇದು ಎರಡು ಅಂಕದ ಪ್ರಶ್ನೆ. ಇಲ್ಲಿ ನಿಮ್ಮ ಬೆರಳಿನ ಪ್ರಶ್ನೆ. ಲೆಕ್ಕ ಕಾಗದದ ಮೇಲೆ ಮುಗಿಯುವ ತನಕ ಸೆಲ್ಲನ್ನು ಹೋಲ್ಡರಿಗೆ ಹಾಕಬೇಡಿ.

2. ತುಂಬಿದ ಹೊಟ್ಟೆಯ ಲೆಕ್ಕ ಹಾಕಿ

ಸೆಲ್ಲಿನ ಮೇಲೆ 3.7 ವೋಲ್ಟ್ ಎಂದು ಬರೆದಿರುತ್ತದೆ. ಅದು ಸರಾಸರಿ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. 1 ಓಮ್ ತಂತಿಗೆ 3.7ರ ಲೆಕ್ಕದಲ್ಲಿ ಸುಮಾರು 13.7 ವ್ಯಾಟ್, 4.2ರ ಲೆಕ್ಕದಲ್ಲಿ 17.6 ವ್ಯಾಟ್. ವೋಲ್ಟ್ ಏರಿದ್ದು ಅರ್ಧ, ವ್ಯಾಟ್ ಏರಿದ್ದು ನಾಲ್ಕು. ಎರಡು ಸೆಲ್ಲನ್ನು ಸಾಲಾಗಿ ಜೋಡಿಸಿದಿರೋ, ವೋಲ್ಟ್ ಎರಡು ಪಟ್ಟು, ಕಾವು ನಾಲ್ಕು ಪಟ್ಟು. ಕಲಿಯುವವರಿಗೆ ಒಂದೇ ಸೆಲ್ಲು ಸಾಕು.

3. ತಂತಿಯ ಉದ್ದವೇ ನಿಮ್ಮ ತಿರುಗುಗುಂಡಿ

ಫ್ಯಾನಿಗೆ ತಿರುಗಿಸಲು ಗುಂಡಿ ಇದೆ, ಇಲ್ಲಿಲ್ಲ. ಆ ಕೆಲಸವನ್ನು ತಂತಿಯ ಉದ್ದ ಮಾಡುತ್ತದೆ. 28 ಗೇಜಿನ ನೈಕ್ರೋಮ್, ಅಂದರೆ ಸುಮಾರು 0.38 ಮಿ.ಮೀ. ದಪ್ಪದ್ದು, ಮೀಟರಿಗೆ ಹೆಚ್ಚುಕಮ್ಮಿ 10 ಓಮ್ ತಡೆ ಒಡ್ಡುತ್ತದೆ. 20 ಸೆಂ.ಮೀ. ತುಂಡು ಅಂದರೆ 2 ಓಮ್. ತುಂಬಿದ ಸೆಲ್ಲಿನಿಂದ ಹರಿಯುವುದು 2.1 ಆಂಪಿಯರ್, ಕಾವು 8.8 ವ್ಯಾಟ್. ಇಷ್ಟರಲ್ಲಿ ಕೊಯ್ಯುವ ಕೆಲಸ ನಡೆಯುತ್ತದೆ.

ಅದನ್ನೇ 10 ಸೆಂ.ಮೀ. ಮಾಡಿ: 1 ಓಮ್, 4.2 ಆಂಪಿಯರ್. 5 ಸೆಂ.ಮೀ. ಮಾಡಿ: ಅರ್ಧ ಓಮ್, 8.4 ಆಂಪಿಯರ್, 35 ವ್ಯಾಟ್. ತಂತಿ ಕಮ್ಮಿಯಾದಂತೆ ಸೆಲ್ಲಿನ ಮೇಲೆ ಹೊರೆ ಏರುತ್ತದೆ. ಎರಡು ತಂತಿಯನ್ನು ಅಕ್ಕಪಕ್ಕ ಒಟ್ಟಿಗೆ ಕಟ್ಟಿದರೂ ತಡೆ ಅರ್ಧವಾಗುತ್ತದೆ. ಸುರುಳಿ ಸುತ್ತಿದರೆ ಸುತ್ತಿಗೆ ಸುತ್ತು ತಾಗದಿರಲಿ. ತಾಗಿದ ಕಡೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ನಿಮ್ಮ ಲೆಕ್ಕ ಅಲ್ಲಿಗೇ ಕೆಟ್ಟಿತು.

4. ಮೀಟರಿನ ಸುಳ್ಳನ್ನು ಕಳೆಯಿರಿ

ಕಡಿಮೆ ಬೆಲೆಯ ಮಲ್ಟಿಮೀಟರ್ ಸಣ್ಣ ಓಮ್‌ಗಳಲ್ಲಿ ಎಡವುತ್ತದೆ. ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿ. ಸೊನ್ನೆ ಬರುವ ಬದಲು 0.3 ಎಂದು ತೋರಿಸಬಹುದು. ಅದು ಮೀಟರಿನ ವೈರಿನದೇ ತಡೆ. ಸುರುಳಿಯನ್ನು ಅಳೆದಾಗ 0.8 ಬಂದರೆ ನಿಜವಾದದ್ದು 0.5. ಈ ಕಳೆಯುವ ಲೆಕ್ಕ ಮರೆತವನು 5 ಆಂಪಿಯರ್ ಅಂದುಕೊಂಡು 8 ಆಂಪಿಯರ್ ಎಳೆಯುತ್ತಿರುತ್ತಾನೆ.

5. ಎಂಎಎಚ್ ನೋಡಿ ಮರುಳಾಗಬೇಡಿ, ಆಂಪಿಯರ್ ಕೇಳಿ

18650 ಎಂಬ ಸೆಲ್ಲಿನ ಹೆಸರೇ ಅದರ ಅಳತೆ: 18 ಮಿ.ಮೀ. ಅಡ್ಡಗಲ, 65 ಮಿ.ಮೀ. ಉದ್ದ. ಆ ಗಾತ್ರದೊಳಗೆ ತುಂಬಿಸಲು ಸಾಧ್ಯವಾಗುವುದು 3500 ಎಂಎಎಚ್ ಆಸುಪಾಸು. ಆನ್‌ಲೈನಿನಲ್ಲಿ 9900 ಎಂದು ಅಚ್ಚು ಹಾಕಿದ್ದು ಸಿಕ್ಕರೆ ಅದನ್ನು ನಂಬಬೇಡಿ. ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ನಕಲಿಯದು ಎಷ್ಟೋ ಸಲ ಕೈಗೇ ಹಗುರ ಎನಿಸುತ್ತದೆ.

ಎಂಎಎಚ್ ಎಂದರೆ ಕೊಡದಲ್ಲಿ ಎಷ್ಟು ನೀರಿದೆ ಎಂಬುದು. ಕೊಡದ ಬಾಯಿ ಎಷ್ಟು ಅಗಲ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ, ಸೆಲ್ಲು ಬಿಡದೆ ಕೊಡಬಲ್ಲ ಆಂಪಿಯರ್. ಕಂಪನಿಯ ಡೇಟಾಶೀಟಿನಲ್ಲಿ ಅದನ್ನು ಹುಡುಕಿ, ಅದರ ಅರ್ಧದೊಳಗೆ ನಿಮ್ಮ ಕೆಲಸ ಮುಗಿಸಿ. ಕೊಳ್ಳುವಾಗ ಬಿಐಎಸ್‌ನ ಐಎಸ್ 16046 ಗುರುತು ಇದೆಯೇ ನೋಡಿ.

6. ಎಷ್ಟು ಹೊತ್ತು ಬರುತ್ತದೆ ಎಂದು ಮೊದಲೇ ತಿಳಿದಿರಿ

2500 ಎಂಎಎಚ್ ಸೆಲ್ಲಿಗೆ 2 ಓಮ್ ತಂತಿ ಕಟ್ಟಿದರೆ ಸರಾಸರಿ 1.8 ಆಂಪಿಯರ್ ಖರ್ಚು. ಬಿಡದೆ ಉರಿಸಿದರೆ ಸುಮಾರು 80 ನಿಮಿಷ. 1 ಓಮ್ ಮಾಡಿದರೆ 40 ನಿಮಿಷ. ತಡೆ ಅರ್ಧವಾದರೆ ಬಾಳಿಕೆಯೂ ಅರ್ಧ. ಜಾಸ್ತಿ ಕಾವು, ಜಾಸ್ತಿ ಹೊತ್ತು ಎರಡೂ ಒಂದೇ ಸೆಲ್ಲಿನಿಂದ ಸಿಗವು. ಹೆಚ್ಚು ಹೊತ್ತು ಬೇಕಿದ್ದರೆ ತಂತಿ ಮೊಟಕು ಮಾಡುವುದಲ್ಲ, ಕೊಯ್ಯುವ ಗೆರೆ ಎಳೆದುಕೊಂಡ ಮೇಲಷ್ಟೇ ಸ್ವಿಚ್ಚು ಒತ್ತುವುದು.

7. ಕೊಯ್ತ ಮಂದವಾದರೆ ನಿಲ್ಲಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಸೆಲ್ಲು 4.2ರಿಂದ 3.2 ವೋಲ್ಟಿಗೆ ಇಳಿದಾಗ ಅದೇ 2 ಓಮ್ ತಂತಿಗೆ ಸಿಗುವುದು 8.8 ವ್ಯಾಟ್ ಅಲ್ಲ, 5.1 ಮಾತ್ರ. ತಂತಿ ತಣ್ಣಗಾಗಿ ಥರ್ಮೋಕೋಲ್ ಪುಡಿಪುಡಿಯಾಗಿ ಕಿತ್ತು ಬರುತ್ತದೆ. ಆಗ ಕೈ ತುರಿಸಿ ಎರಡು ಇಂಚು ತಂತಿ ಕತ್ತರಿಸಿಬಿಟ್ಟರೆ ಆ ಹೊತ್ತಿಗೆ ಚೆನ್ನಾಗಿಯೇ ಕೊಯ್ಯುತ್ತದೆ. ಮಾರನೆ ದಿನ ಸೆಲ್ಲು ತುಂಬಿಸಿ ಅದೇ ಮೊಟಕು ತಂತಿಗೆ ಕೊಟ್ಟಾಗ ಅದು ಕೆಂಪಗೆ ಕಾಯುತ್ತದೆ. 3 ವೋಲ್ಟ್ ಹತ್ತಿರ ಬಂದರೆ ಕೆಲಸ ನಿಲ್ಲಿಸಿ, ಚಾರ್ಜ್ ಮಾಡಿ.

8. ಕೊಂಡಿಗಳ ಮೇಲೆ ಅನುಮಾನ ಇರಲಿ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿ.ಮೀ. ದೂರ ವಿದ್ಯುತ್ ಒಯ್ದರಲ್ಲ, ವೋಲ್ಟನ್ನು ಸಾವಿರಾರಕ್ಕೆ ಏರಿಸಿಯೇ ಒಯ್ದದ್ದು. ಅಷ್ಟೇ ವ್ಯಾಟ್ ಒಯ್ಯುವಾಗ ವೋಲ್ಟ್ ಏರಿದರೆ ಆಂಪಿಯರ್ ಇಳಿಯುತ್ತದೆ, ದಾರಿಯಲ್ಲಿ ಕಾವಾಗಿ ಪೋಲಾಗುವುದೂ ಇಳಿಯುತ್ತದೆ. ನಿಮ್ಮ ಕಟ್ಟರಿನದು ಇದರ ತದ್ವಿರುದ್ಧ: ವೋಲ್ಟ್ ನಾಲ್ಕೇ, ಆಂಪಿಯರ್ ಜಾಸ್ತಿ. ಹಾಗಾಗಿ ಸಡಿಲ ಸ್ಪ್ರಿಂಗು, ತುಕ್ಕು ಹಿಡಿದ ತಗಡು, ಕೂದಲೆಳೆ ವೈರು ಸೇರಿ 0.2 ಓಮ್ ಆದರೂ ಹತ್ತರಲ್ಲೊಂದು ಪಾಲು ಕಾವು ಕೊಂಡಿಯಲ್ಲೇ ಉಳಿಯುತ್ತದೆ. ನೈಕ್ರೋಮ್‌ಗೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಸ್ಕ್ರೂ ಹಾಕಿ ಬಿಗಿಯಿರಿ. ಸೆಲ್ಲಿನ ಮೈಗೆ ಬೆಸುಗೆ ಕಡ್ಡಿ ತಾಗಿಸಲೇಬೇಡಿ, ಹೋಲ್ಡರ್ ಬಳಸಿ.

ಹಳೆ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲಿನ ಒಳಗೂ ಇಂಥದೇ ಒಂದು ತಡೆ ಬೆಳೆದಿರುತ್ತದೆ. ಸುಮ್ಮನಿದ್ದಾಗ 4.1 ತೋರಿಸಿ, ಸ್ವಿಚ್ಚು ಒತ್ತಿದ ಕೂಡಲೇ 3.7ಕ್ಕೆ ಕುಸಿದರೆ ಅದು ಮುದಿ ಸೆಲ್ಲು. ದುಡಿಸಬೇಡಿ.

9. ಫ್ಯೂಸು ಹಾಕಿ, ಒತ್ತುಗುಂಡಿ ಹಾಕಿ

2.1 ಆಂಪಿಯರ್ ಎಳೆಯುವ ಕಟ್ಟರಿಗೆ 3 ಆಂಪಿಯರಿನ ಗಾಜಿನ ಫ್ಯೂಸು. ಕೆಲವೇ ರೂಪಾಯಿಯ ಮಾತು. ಸ್ವಿಚ್ಚು ಬೆರಳು ತೆಗೆದರೆ ಆರುವಂಥದಿರಲಿ, ಅಷ್ಟು ಆಂಪಿಯರ್ ತಾಳುವಂಥದೂ ಇರಲಿ. ಊಟಕ್ಕೆ ಕರೆದರೆ ನೀವು ಎದ್ದು ಹೋಗುತ್ತೀರಿ, ಮರೆತ ಸ್ವಿಚ್ಚು ಉರಿಯುತ್ತಲೇ ಇರುತ್ತದೆ.

10. ಸೆಲ್ಲಿನ ಅಂಗಿ ಹರಿಯದಿರಲಿ

ಸೆಲ್ಲಿನ ತಳವಷ್ಟೇ ಅಲ್ಲ, ಇಡೀ ಲೋಹದ ಮೈಯೇ ಋಣ. ಧನದ ಮೊಳೆಗೂ ಅದಕ್ಕೂ ನಡುವೆ ಇರುವುದು ತೆಳ್ಳನೆ ಪ್ಲಾಸ್ಟಿಕ್ ಹೊದಿಕೆ, ಒಂದು ಕಾಗದದ ಬಳೆ. ಅದು ಹರಿದರೆ ಬದಲಿಸಿ. ಬೈಕಿನ ಕೀ ಇರುವ ಜೇಬಿಗೆ ಬಿಡಿ ಸೆಲ್ಲು ಬೇಡ, ಪ್ಲಾಸ್ಟಿಕ್ ಡಬ್ಬಿ ಇರಲಿ. ಚಾರ್ಜನ್ನು ಹಾಸಿಗೆಯ ಮೇಲಲ್ಲ, ಬರಿ ನೆಲದ ಮೇಲೆ, ನೀವು ಎಚ್ಚರವಿದ್ದಾಗ, ಲಿಥಿಯಂ ಸೆಲ್ಲಿನದೇ ಚಾರ್ಜರಿನಲ್ಲಿ ಮಾಡಿ. ಉಬ್ಬಿದ, ಸೋರಿದ ಸೆಲ್ಲನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.

11. ಕಾನೂನಿನ ಗೆರೆ ದಾಟಬೇಡಿ

ರೆಗ್ಯುಲೇಟರ್ ಇಲ್ಲದ ಇ-ಸಿಗರೇಟಿನ ಹೊಟ್ಟೆಯಲ್ಲಿ ಇರುವುದೂ ಇದೇ ಸೆಲ್ಲು, ಇದೇ ಸುರುಳಿ. ಹೊಗೆ ದಟ್ಟವಾಗಲಿ ಎಂದು ಸುರುಳಿಯ ತಡೆ ಇಳಿಸುತ್ತ ಹೋದವರ ಸೆಲ್ಲುಗಳು ಕೈಯಲ್ಲಿ, ಬಾಯಿಯ ಹತ್ತಿರ ಸಿಡಿದದ್ದು ಹೊರದೇಶಗಳಲ್ಲಿ ದಾಖಲಾಗಿದೆ. ಕರ್ನಾಟಕ ಇ-ಸಿಗರೇಟನ್ನು 2016ರ ಜೂನ್‌ನಲ್ಲೇ ನಿಷೇಧಿಸಿತು. 2019ರ ಕೇಂದ್ರ ಕಾಯ್ದೆ ಬಂದ ಮೇಲೆ ಅದರ ತಯಾರಿಕೆ, ಮಾರಾಟ, ಜಾಹೀರಾತು ದೇಶದಲ್ಲೆಲ್ಲೂ ಮಾಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. "ಅಣ್ಣ, ಒಂದು ಕಾಯಿಲ್ ಸುತ್ತಿಕೊಡಿ" ಎಂದು ಯಾರಾದರೂ ಬಂದರೆ ಕೈ ಮುಗಿದು ಕಳಿಸಿ.

ಥರ್ಮೋಕೋಲಿಗೂ ಒಂದು ಗೆರೆ ಇದೆ. 2022ರ ಜುಲೈ 1ರಿಂದ ಅಲಂಕಾರಕ್ಕೆ ಅದನ್ನು ಬಳಸುವಂತಿಲ್ಲ, ಆದ್ದರಿಂದ ಗಣಪತಿ ಮಂಟಪದ ಆರ್ಡರ್ ಹಿಡಿಯಬೇಡಿ. ಮಾಡೆಲ್ಲಿಗೆ ಕೊಯ್ಯುವಾಗಲೂ ಕಿಟಕಿ ತೆಗೆದಿಡಿ, ಕಾದ ಫೋಮಿನ ಹೊಗೆ ಒಳ್ಳೆಯದಲ್ಲ.

ಕೊನೆಗೆ, ಕಟ್ಟರಿನ ಹಿಡಿಕೆಯ ಮೇಲೆ ಒಂದು ಚೀಟಿ ಅಂಟಿಸಿ: 20 ಸೆಂ.ಮೀ., 2 ಓಮ್, 2.1 ಆಂಪಿಯರ್, ಫ್ಯೂಸು 3. ನಾಳೆ ನಿಮ್ಮ ರೂಮ್‌ಮೇಟ್ ಕೇಳದೆಯೇ ಅದನ್ನು ಎತ್ತಿಕೊಂಡಾಗ, ನೀವಿಲ್ಲದ ಹೊತ್ತಿನಲ್ಲಿ ಕಾವಲಿಗೆ ಇರುವುದು ಆ ಚೀಟಿಯೇ.