ಆರು ತಿಂಗಳು ತುಂಬಿದ ಮಗುವಿನ ಊಟ: ತೋಟದ ಹಣ್ಣು, ಬಯಲಿನ ಕಾಳು

ಮಗುವಿಗೆ ಆರು ತಿಂಗಳು ತುಂಬಿತೆಂದರೆ ಮನೆಯಲ್ಲಿ ಅನ್ನಪ್ರಾಶನದ ಮಾತು ಏಳುತ್ತದೆ. ಅಂದು ಬಾಯಿಗೆ ಮುಟ್ಟಿಸುವ ಪಾಯಸದಿಂದ ಶಾಸ್ತ್ರವೇನೋ ಮುಗಿಯಿತು. ಮರುದಿನದಿಂದ ಏನು ಕೊಡಬೇಕು, ಎಷ್ಟು ಕೊಡಬೇಕು, ಯಾವ ಹದದಲ್ಲಿ ಕೊಡಬೇಕು ಎಂಬ ವಿಚಾರದಲ್ಲಿ ಮಾತ್ರ ಹಲವು ಮನೆಗಳಲ್ಲಿ ಗೊಂದಲವಿದೆ. ಈ ಪಾಠದಲ್ಲಿ ಅದನ್ನೇ ಎತ್ತಿಕೊಂಡಿದ್ದೇವೆ.

ಇದು ಸದಸ್ಯರ ಮನೆಯ ಮಕ್ಕಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಕಾಫಿ ಕೊಯ್ಲಿನ ಕಾಲಕ್ಕೆ ಉತ್ತರ ಕರ್ನಾಟಕದ ಬಯಲು ಊರುಗಳಿಂದಲೂ ಕುಟುಂಬಗಳು ಮಲೆನಾಡಿನ ತೋಟಗಳಿಗೆ ಬರುತ್ತವೆ. ತಾಯಿಯೊಡನೆ ಕೈಗೂಸೂ ಬರುತ್ತದೆ. ಆದುದರಿಂದ ನಮ್ಮ ತೋಟದ ಅಡುಗೆಮನೆಯ ಜೊತೆಗೆ ಬಾಗಲಕೋಟೆ ಜಿಲ್ಲೆಯ ಮರೋಳದಂಥ ಊರಿನ ಅಡುಗೆಮನೆಯನ್ನೂ ಇಲ್ಲಿ ನೋಡೋಣ. ಹನಿ ನೀರಾವರಿ ಯೋಜನೆಯಿಂದಾಗಿ ಮರೋಳದ ಹೆಸರನ್ನು ನಮ್ಮ ಬೆಳೆಗಾರರು ಕೇಳಿರಬಹುದು. ಹುನಗುಂದದ ಆ ಸೀಮೆ ಎರೆಭೂಮಿ. ಅಲ್ಲಿ ಬಿಳಿಜೋಳ, ಕಡಲೆ, ಹೆಸರು, ತೊಗರಿ. ನಮ್ಮಲ್ಲಿ ಬಾಳೆ, ಪಪ್ಪಾಯಿ, ಬೆಣ್ಣೆಹಣ್ಣು, ಸಿಹಿಗುಂಬಳ. ಎರಡೂ ಸೇರಿದರೆ ಮಗುವಿನ ಬಟ್ಟಲು ತುಂಬಿತು.

ಆರು ತಿಂಗಳೇ ಏಕೆ?

ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ನೀರು ಸಹ ಬೇಡ. ಆ ಬಳಿಕ ಹಾಲೊಂದೇ ಸಾಲದು. ಹುಟ್ಟುವಾಗ ಮಗು ತಂದ ಕಬ್ಬಿಣದ ಅಂಶದ ದಾಸ್ತಾನು ಆ ಹೊತ್ತಿಗೆ ಕರಗುತ್ತ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಎದೆಹಾಲಿನ ಜೊತೆಗೆ 6ರಿಂದ 8 ತಿಂಗಳ ಮಗುವಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ, 9ರಿಂದ 11 ತಿಂಗಳಲ್ಲಿ 300, ಒಂದು ವರ್ಷ ದಾಟಿದ ಮೇಲೆ 550 ಕ್ಯಾಲೊರಿ ಪೂರಕ ಆಹಾರದಿಂದ ದೊರೆಯಬೇಕು. ಎದೆಹಾಲನ್ನು ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು.

ತಿಳಿಯಲ್ಲಿ ಹುರುಳಿಲ್ಲ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಆಹಾರವನ್ನು ನೀರು ಮಾಡುವುದು. ಗಂಜಿಯ ತಿಳಿ, ಬೇಳೆಯ ಕಟ್ಟು, ಸಾರಿನ ನೀರು ಮಗುವಿಗೆ. ತಳದ ಅನ್ನ ಮತ್ತು ಬೇಳೆ ದೊಡ್ಡವರಿಗೆ. ಏಳು ಕಿಲೋ ತೂಕದ ಮಗುವಿನ ಹೊಟ್ಟೆ ಒಂದು ಸಲಕ್ಕೆ ಸುಮಾರು 200 ಮಿಲಿಲೀಟರ್ ಮಾತ್ರ ಹಿಡಿಯುತ್ತದೆ. ಅದನ್ನು ನೀರಿನಿಂದ ತುಂಬಿಸಿದರೆ ಮಗು ಸುಮ್ಮನಾಗುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಮಲೆನಾಡಿನ ಕೂವೆ ಹಿಟ್ಟಿನ ಗಂಜಿಯೂ ಇದೇ ಸಾಲಿಗೆ ಸೇರುತ್ತದೆ. ಅದು ತಂಪು, ಹಗುರ ಎಂಬುದು ಸರಿ. ಆದರೆ ಕೂವೆ ಎಂದರೆ ಬಹುಮಟ್ಟಿಗೆ ಬರಿಯ ಪಿಷ್ಟ. ಅದನ್ನೇ ದಿನದ ಊಟ ಮಾಡಬಾರದು.

ಸರಿಯಾದ ಹದಕ್ಕೆ ಒಂದು ಪರೀಕ್ಷೆಯಿದೆ. ಚಮಚವನ್ನು ಓರೆ ಮಾಡಿದರೆ ಆಹಾರ ನೀರಿನಂತೆ ಸುರಿಯಬಾರದು, ಮೆಲ್ಲಗೆ ಜಾರಬೇಕು. ಮೊದಲು ನುಣ್ಣಗೆ ಮಸೆದು ಕೊಡಿ. ಎಂಟು ತಿಂಗಳಿಗೆ ತರಿತರಿಯಾಗಿರಲಿ, ಒಂಬತ್ತು ತಿಂಗಳಿಗೆ ಕೈಯಲ್ಲಿ ಹಿಡಿದು ತಿನ್ನುವ ಮೆತ್ತಗಿನ ತುಂಡುಗಳಿರಲಿ. ವರ್ಷ ತುಂಬುವಾಗ ಮಗು ಮನೆಯವರ ಊಟವನ್ನೇ ಮೆದುವಾಗಿ ಉಣ್ಣಬೇಕು.

ಮೊದಲು ಎರಡು ಮೂರು ದೊಡ್ಡ ಚಮಚ, ದಿನಕ್ಕೆ ಎರಡು ಸಲ. ಕ್ರಮೇಣ ಹೆಚ್ಚಿಸಿ 250 ಮಿಲಿಲೀಟರ್ ಬಟ್ಟಲಿನ ಅರ್ಧದಷ್ಟು, ದಿನಕ್ಕೆ ಎರಡು ಮೂರು ಸಲ. ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಸಲ.

ಹಿಟ್ಟು ಮಾಡುವ ಕ್ರಮ

ಜೋಳ-ಹೆಸರಿನ ಹಿಟ್ಟು: ಎರಡು ಪಾಲು ಬಿಳಿಜೋಳ, ಒಂದು ಪಾಲು ಹೆಸರುಬೇಳೆ. ತೊಳೆದು ಒಣಗಿಸಿ, ಬೇರೆ ಬೇರೆಯಾಗಿ ಘಮ ಬರುವಂತೆ ಹುರಿದು, ನುಣ್ಣಗೆ ಬೀಸಿ ಒಣ ಡಬ್ಬಿಯಲ್ಲಿಡಿ. ಹದಿನೈದು ದಿನಕ್ಕಾಗುವಷ್ಟು ಮಾಡಿದರೆ ಸಾಕು. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಹತ್ತು ನಿಮಿಷ ಕೈಯಾಡಿಸುತ್ತ ಬೇಯಿಸಿ, ಅರ್ಧ ಚಮಚ ತುಪ್ಪ ಹಾಕಿ. ಧಾನ್ಯದಲ್ಲಿ ಕೊರತೆಯಾಗುವ ಸಸಾರಜನಕದ ಅಂಶವನ್ನು ಬೇಳೆ ತುಂಬುತ್ತದೆ, ಬೇಳೆಯದನ್ನು ಧಾನ್ಯ ತುಂಬುತ್ತದೆ.

ರಾಗಿ ಮೊಳಕೆ ಹಿಟ್ಟು: ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಬೀಸಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಅಂಟಾಗದೆ ನುಂಗಲು ಸುಲಭವಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಒಂದು ಎಚ್ಚರಿಕೆ: ಮಗುವಿಗಾಗಿ ಜೋಳವನ್ನು ಮೊಳಕೆ ಕಟ್ಟಬೇಡಿ. ಎಳೆಯ ಜೋಳದ ಪೈರು ಮೇಯ್ದ ದನ ಸಾಯುವುದನ್ನು ಬಯಲಿನ ರೈತರು ಬಲ್ಲರು. ಸಯನೈಡ್ ಉಂಟುಮಾಡುವ ಅದೇ ವಸ್ತು ಜೋಳದ ಮೊಳಕೆಯಲ್ಲಿಯೂ ಇರುತ್ತದೆ. ಜೋಳವನ್ನು ಹುರಿದೇ ಬಳಸಿ.

ರುಚಿಗಳ ಜೋಡಿ

ಮಗುವಿನ ನಾಲಿಗೆ ರುಚಿ ಕಲಿಯುವ ಕಾಲವಿದು. ಹೊಸ ಪದಾರ್ಥವನ್ನು ಒಂದೊಂದಾಗಿ, ಎರಡು ಮೂರು ದಿನಗಳ ಅಂತರದಲ್ಲಿ ಕೊಡಿ. ಒಮ್ಮೆ ಉಗುಳಿತೆಂದು ಬಿಡಬೇಡಿ. ಎಂಟು ಹತ್ತು ಸಲ ಕೊಟ್ಟ ಮೇಲೆ ಒಗ್ಗುವುದು ಸಾಮಾನ್ಯ. ಒಂದೊಂದನ್ನೂ ಕೊಟ್ಟು ನೋಡಿದ ಮೇಲೆ ಹೀಗೆ ಜೋಡಿಸಬಹುದು:

- ಬೇಯಿಸಿ ಮಸೆದ ಸಿಹಿಗುಂಬಳ, ಹೆಸರುಬೇಳೆ, ಚಿಟಿಕೆ ಜೀರಿಗೆ ಪುಡಿ.
- ಬೇಯಿಸಿದ ನೇಂದ್ರಬಾಳೆ, ರಾಗಿ ಗಂಜಿ.
- ಬೆಣ್ಣೆಹಣ್ಣು, ಕಳಿತ ಬಾಳೆಹಣ್ಣು. ಇದಕ್ಕೆ ಒಲೆಯೂ ಬೇಡ.
- ಗಜ್ಜರಿ, ತೊಗರಿಬೇಳೆ, ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ.
- ಹರಿವೆ ಸೊಪ್ಪು, ಆಲೂಗಡ್ಡೆ, ತುಪ್ಪ.
- ಜೋಳದ ನುಚ್ಚು, ಹೆಸರುಬೇಳೆ, ಮೊಸರು.
- ಹುರಿದು ನುಣ್ಣಗೆ ಅರೆದ ಶೇಂಗಾ ಅರ್ಧ ಚಮಚ, ಗಂಜಿಯಲ್ಲಿ ಕದಡಿ. ಬೂಸ್ಟು ಹಿಡಿದ ಕಾಳು ಸರ್ವಥಾ ಬೇಡ.

ನಿಂಬೆ, ಪೇರಲೆ, ಪಪ್ಪಾಯಿಯ ‘ಸಿ’ ಜೀವಸತ್ವ ಕಾಳು ಮತ್ತು ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ತಿನ್ನುವ ಮನೆಗಳಲ್ಲಿ ಚೆನ್ನಾಗಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು, ಸಣ್ಣಗೆ ಅರೆದ ಮಾಂಸ ಕೊಡಲು ಹಿಂಜರಿಯಬೇಕಿಲ್ಲ.

ಕೊಡಬಾರದ್ದು

ವರ್ಷ ತುಂಬುವವರೆಗೆ ಜೇನು ಬೇಡ. ಅಪರೂಪವಾದರೂ ಪ್ರಾಣಾಂತಿಕವಾದ ವಿಷರೋಗ ಅದರಿಂದ ಬರಬಹುದು. ಉಪ್ಪು, ಸಕ್ಕರೆ, ಬೆಲ್ಲವೂ ಬೇಡ. ಕಾಫಿ ಬೆಳೆಯುವ ನಾವೇ ಹೇಳುವ ಮಾತು: ಮುದ್ದಿಗೆಂದು ಮಗುವಿಗೆ ಕಾಫಿ, ಚಹಾ ಕುಡಿಸಬೇಡಿ. ಅವು ಊಟದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಅಂಗಳದಲ್ಲಿ ಅಡಿಕೆ ಸುಲಿಯುವ ದಿನಗಳಲ್ಲಿ ತೆವಳುವ ಮಗುವಿನ ಮೇಲೆ ಕಣ್ಣಿರಲಿ. ಅಡಿಕೆ ಚೂರು, ಇಡೀ ಶೇಂಗಾ, ಕಡಲೆಕಾಳು ಉಸಿರ್ನಾಳಕ್ಕೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಎಲೆಅಡಿಕೆ ಹಾಕಿದ ಬಾಯಲ್ಲಿ ಅಗಿದು ತುತ್ತು ಕೊಡುವ ರೂಢಿಯನ್ನೂ ಬಿಡಬೇಕು.

ಕೈ ಸೋಪಿನಿಂದ ತೊಳೆಯಿರಿ, ನೀರು ಕುದಿಸಿ ಆರಿಸಿ. ಬಾಟಲಿಗಿಂತ ಬಟ್ಟಲು-ಚಮಚ ಲೇಸು. ಮಾಡಿದ ಆಹಾರವನ್ನು ಎರಡು ಗಂಟೆಯೊಳಗೆ ಉಣಿಸಿ. ಭೇದಿಯಾದಾಗ ಊಟ ನಿಲ್ಲಿಸಬೇಡಿ. ಓಆರ್‌ಎಸ್ ಕುಡಿಸುತ್ತ, ಎದೆಹಾಲು ಮತ್ತು ಮೆದು ಆಹಾರ ಮುಂದುವರಿಸಿ, ಆಸ್ಪತ್ರೆಗೆ ತೋರಿಸಿ.

ಬೆಳೆಗಾರರಲ್ಲಿ ಒಂದು ಮಾತು

ಡಬ್ಬಿ ಆಹಾರದ ಆಕರ್ಷಣೆ ದೊಡ್ಡದು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತನ್ನು 1992ರ ಕಾಯಿದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ. ಹಾಗಿದ್ದರೂ ಲೈನುಮನೆಯ ತಾಯಿ ಕೂಲಿಯ ಹಣದಲ್ಲಿ ಡಬ್ಬಿ ಕೊಂಡು, ಅದು ಬಹಳ ದಿನ ಬರಲೆಂದು ನೀರಾಗಿ ಕಲಸುವುದುಂಟು. ಅವಳಿಗೆ ಬೇಕಾದುದು ಡಬ್ಬಿಯಲ್ಲ, ಬಿಡುವು. ಬೆಳಿಗ್ಗೆ ಗಿಡದ ಬುಡಕ್ಕೆ ಹೋದವಳು ಸಂಜೆ ತೂಕ ಮುಗಿದ ಮೇಲೆ ಬಂದರೆ, ಎಂಟು ತಿಂಗಳ ಮಗು ದಿನಕ್ಕೆ ಮೂರು ಸಲ ಉಣ್ಣುವುದು ಹೇಗೆ?

ಆದುದರಿಂದ ಹಗಲಲ್ಲಿ ಎರಡು ಸಲ ಅರ್ಧ ಗಂಟೆ ಬಿಡುವು ಕೊಡಿ, ಅದಕ್ಕೆ ಕೂಲಿ ಹಿಡಿಯಬೇಡಿ. ಮಕ್ಕಳನ್ನು ನೋಡಿಕೊಳ್ಳಲು ಹಿರಿಯ ಹೆಂಗಸೊಬ್ಬಳನ್ನು ನೇಮಿಸಿ. ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯ ಪೂರಕ ಆಹಾರ ಮನೆಗೇ ದೊರೆಯುತ್ತದೆ. ಊರು ಬಿಟ್ಟು ಬಂದ ತಾಯಿಯ ಮಗುವಿನ ಹೆಸರನ್ನು ಹತ್ತಿರದ ಅಂಗನವಾಡಿಯಲ್ಲಿ ಬರೆಸಲು ನೆರವಾಗಿ. ತೋಟದಲ್ಲಿ ಕಳಿತು ಬೀಳುವ ಬಾಳೆ, ಪಪ್ಪಾಯಿ, ಬೆಣ್ಣೆಹಣ್ಣಿನಲ್ಲಿ ಒಂದು ಪಾಲು ಲೈನುಮನೆಗೆ ಹೋಗಲಿ. ಅವಳ ಗಂಟಿನಲ್ಲಿ ಜೋಳ, ಹೆಸರು ಇದ್ದೇ ಇರುತ್ತವೆ.