ಬೀದಿಗೊಂದು, ಬಾಗಿಲಿಗೊಂದು ಪರವಾನಗಿ

ಪ್ರಶ್ನೆ: ಲೆಸ್ಟರ್‌ನಲ್ಲಿರುವ ನಾವು ಕೆಲವು ಕನ್ನಡ ಕುಟುಂಬದವರು ಇಲ್ಲಿನ ಹಾಸ್ಪಿಸ್‌ಗಾಗಿ ಪೇಟೆಬೀದಿಯಲ್ಲೂ ಮನೆಮನೆಯಲ್ಲೂ ಹಣ ಸಂಗ್ರಹಿಸಬೇಕೆಂದಿದ್ದೇವೆ. ಹಾಸ್ಪಿಸ್ ನೋಂದಾಯಿತ ಚಾರಿಟಿ. ಆದರೂ ಕೌನ್ಸಿಲ್ ಅನುಮತಿ ಬೇಕೆ?

ಉತ್ತರ: ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ರಸೀದಿ ಪುಸ್ತಕ ಹಿಡಿದು ಗಣೇಶನ ಚಂದಾ ಎತ್ತಿ ಬೆಳೆದವರಿಗೆ, ಪುಣ್ಯದ ಕೆಲಸಕ್ಕೂ ಲೈಸೆನ್ಸೇ ಎನಿಸುವುದು ಸಹಜ. ಬೇಕು, ಅದೂ ಎರಡು.

ಬೀದಿಯಲ್ಲಿ ಡಬ್ಬಿ ಹಿಡಿಯುವುದಕ್ಕೆ 1916ರ ಕಾಯ್ದೆ, ಮನೆಮನೆಗೆ ಹೋಗುವುದಕ್ಕೆ 1939ರ ಕಾಯ್ದೆ. ಎರಡನ್ನೂ ಒಂದು ಮಾಡಲು 2006ರಲ್ಲಿ ಕಾನೂನು ಬಂದರೂ ಆ ಭಾಗ ಜಾರಿಯಾಗಲೇ ಇಲ್ಲ. ಹಾಗಾಗಿ ಅರ್ಜಿಯೂ ಬೇರೆ ಬೇರೆ. ಬೀದಿಗೆ ಸಾಮಾನ್ಯವಾಗಿ ನಿಗದಿತ ದಿನಕ್ಕಷ್ಟೇ ಅನುಮತಿ, ಮನೆಗಳಿಗೆ ಒಂದು ವರ್ಷದವರೆಗೂ ಸಿಗಬಹುದು. ಒಂದೆರಡು ತಿಂಗಳು ಮೊದಲೇ ಅರ್ಜಿ ಹಾಕಿ.

ಈಗ ನಿಮ್ಮ ಗೊಂದಲಕ್ಕೆ ಬರೋಣ. ನೋಂದಣಿ ಎಂದರೆ ಅದು ಚಾರಿಟಿ ಹೌದು ಎಂಬುದಕ್ಕೆ ದಾಖಲೆ, ಬೀದಿಗಿಳಿಯಲು ಅಪ್ಪಣೆಯಲ್ಲ. ದೇಶದಾದ್ಯಂತ ಮನೆಮನೆ ಸಂಗ್ರಹ ನಡೆಸುವ ಕೆಲವು ದೊಡ್ಡ ಸಂಸ್ಥೆಗಳಿಗೆ ಸರ್ಕಾರವೇ ವಿನಾಯಿತಿ ಆದೇಶ ಕೊಟ್ಟಿರುತ್ತದೆ. ಆದರೆ ಅದು ಮನೆಗಳಿಗೆ ಮಾತ್ರ, ಬೀದಿಗೆ ಅನ್ವಯಿಸದು.

ಬೀದಿಯಲ್ಲಿ ಹಣ ಬೀಳಬೇಕಾದದ್ದು ಮೊಹರು ಮಾಡಿದ, ಸಂಖ್ಯೆ ಹಾಕಿದ ಡಬ್ಬಿಗೇ. ಮನೆಬಾಗಿಲಲ್ಲಿ ಮಾತ್ರ ನಮ್ಮ ಹಳೆಯ ರಸೀದಿ ಪುಸ್ತಕಕ್ಕೂ ಮರ್ಯಾದೆಯಿದೆ: ಡಬ್ಬಿ ಇಲ್ಲದಿದ್ದರೆ ಕೊಟ್ಟವರ ಹೆಸರು, ಮೊತ್ತ ಬರೆದು, ಸಹಿ ಹಾಕಿದ ರಸೀದಿ ಕೊಡಬೇಕು. ಅಲ್ಲಿ ಹೋಗುವವರು ಬ್ಯಾಡ್ಜ್ ಧರಿಸಿ, ಅಧಿಕಾರಪತ್ರ ಜೊತೆಗಿಟ್ಟುಕೊಳ್ಳಬೇಕು. ಹೊರಡಿ ಎಂದರೆ ಹೊರಡಲೇಬೇಕು. ಬಾಗಿಲಲ್ಲಿ ನಿಂತು ಪೀಡಿಸುವುದು ನಿಯಮಗಳಲ್ಲೇ ನಿಷಿದ್ಧ. ನಮ್ಮೂರಿನ ಚಂದಾ ಹುಡುಗರಿಗೂ ಈ ನಿಯಮ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು! ಮಕ್ಕಳನ್ನು ಕರೆದೊಯ್ದರೆ ಜನ ಕರಗುತ್ತಾರೆಂದು ಎಣಿಸಿದ್ದರೆ ಬಿಟ್ಟುಬಿಡಿ, ಹದಿನಾರು ತುಂಬದವರು ಹಣ ಸಂಗ್ರಹಿಸುವಂತಿಲ್ಲ.

ಹಣವಲ್ಲ, ಹಳೆಯ ಬಟ್ಟೆ ಎತ್ತಿದರೂ ಮನೆಮನೆಯ ಪರವಾನಗಿ ಬೇಕು. ಬಂದದ್ದರಲ್ಲಿ ಚಾರಿಟಿಗೆ ಸೇರುವ ಪಾಲು ತೀರ ಕಡಿಮೆ ಎನಿಸಿದರೆ ಕೌನ್ಸಿಲ್ ಅದನ್ನು ನಿರಾಕರಿಸಬಹುದು. ಆಗ ಹದಿನಾಲ್ಕು ದಿನದೊಳಗೆ ಸಚಿವರಿಗೆ ಮೇಲ್ಮನವಿ ಸಲ್ಲಿಸಬಹುದು. ಸಂಗ್ರಹ ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು; ಬೀದಿಯದಕ್ಕೆ ಸಾಮಾನ್ಯವಾಗಿ ಒಂದು ತಿಂಗಳ ಗಡುವು.

ಇಷ್ಟೆಲ್ಲ ರಗಳೆ ಬೇಡವೆಂದರೆ ಸೂಪರ್‌ಮಾರ್ಕೆಟ್‌ನವರನ್ನು ಕೇಳಿ. ಅಂಗಡಿಯ ಒಳಗೆ ನಿಲ್ಲಲು ಅವರ ಒಪ್ಪಿಗೆ ಸಾಕು. ಬಾಗಿಲು ದಾಟಿ ಫುಟ್‌ಪಾತಿಗೆ ಬಂದಿರೋ, ಅದು ಬೀದಿ.